ಪೋಸ್ಟ್ ಒತ್ತಿದ ಮೇಲೆ: ಆ ಸಂಪಾದಕರು ಎಲ್ಲಿ ಹೋದರು?

ಪತ್ರಿಕೆಗೆ ಕವಿತೆ ಕಳಿಸುವಾಗ ಜೊತೆಗೆ ಇನ್ನೊಂದು ಲಕೋಟೆ ಇಡಬೇಕಿತ್ತು. ಅದರ ಮೇಲೆ ನಮ್ಮದೇ ವಿಳಾಸ, ನಾವೇ ಅಂಟಿಸಿದ ಅಂಚೆಚೀಟಿ. ಕವಿತೆ ಹಿಡಿಸದಿದ್ದರೆ ವಾಪಸ್ ಕಳಿಸಲು ಅನುಕೂಲವಾಗಲಿ ಅಂತ. ಈಗ ನೆನೆದರೆ ನಗು ಬರುತ್ತದೆ. ಬೇಡ ಅನ್ನಿಸಿಕೊಳ್ಳುವ ಖರ್ಚೂ ನಮ್ಮದೇ ಆಗಿತ್ತು! ಎರಡು ಮೂರು ತಿಂಗಳು ಕಳೆದ ಮೇಲೆ ನಮ್ಮ ಕೈಬರಹವೇ ಇರುವ ಲಕೋಟೆ ನಮ್ಮ ಬಾಗಿಲಿಗೆ ಬಂದು ಬೀಳುತ್ತಿತ್ತು. ಒಳಗೆ ಮಡಿಚಿದ ಕವಿತೆ, ಜೊತೆಗೊಂದು ಅಚ್ಚು ಹಾಕಿದ ಸಣ್ಣ ಚೀಟಿ. ‘ವಿಷಾದಿಸುತ್ತೇವೆ.’

ಈಗ ಅದೇ ಕವಿತೆಯನ್ನು ಫೋನಿನಲ್ಲಿ ಟೈಪ್ ಮಾಡಿ ‘ಪೋಸ್ಟ್’ ಒತ್ತಿದರೆ ಆಯಿತು. ಲಕೋಟೆ ಇಲ್ಲ, ಕಾಯುವ ಕೆಲಸವಿಲ್ಲ, ಚೀಟಿಯೂ ಇಲ್ಲ. ಕವಿತೆಯೇ ಆಗಬೇಕೆಂದೂ ಇಲ್ಲ. ಬಿಡಿಸಿದ ಚಿತ್ರ, ಹಾಡಿದ ಹಾಡು, ಹೆಣೆದ ಸ್ವೆಟರ್, ಕೆತ್ತಿದ ಮರದ ಆಟಿಕೆ, ಮಕ್ಕಳು ಮಾಡಿದ ಕಂಪ್ಯೂಟರ್ ಆಟ, ಎಲ್ಲಕ್ಕೂ ಎಲ್ಲೋ ಒಂದು ಜಾಗ ಇದೆ. ‘ಈಗ ಯಾರ ಅಪ್ಪಣೆಯೂ ಬೇಡ’ ಎಂದು ಜನ ಹೇಳುವುದು ಇದಕ್ಕೇ.

ಅದು ಅರ್ಧ ಮಾತ್ರ ನಿಜ. ಆ ಲಕೋಟೆ ಒಡೆಯುತ್ತಿದ್ದ ಸಂಪಾದಕರು ಮೂರು ಕೆಲಸ ಮಾಡುತ್ತಿದ್ದರು. ಬಂದದ್ದರಲ್ಲಿ ಆರಿಸುತ್ತಿದ್ದರು. ಆರಿಸಿದ್ದನ್ನು ತಿದ್ದುತ್ತಿದ್ದರು. ಆಮೇಲೆ ಅದನ್ನು ಅಚ್ಚು ಹಾಕಿಸಿ, ಹತ್ತು ವರ್ಷ ಬಿಟ್ಟು ಹುಡುಕಿದರೂ ಯಾವುದೋ ಲೈಬ್ರರಿಯ ಕಪಾಟಿನಲ್ಲಿ ಸಿಗುವ ಹಾಗೆ ಮಾಡುತ್ತಿದ್ದರು. ಸಂಪಾದಕರು ದಾರಿಯಿಂದ ಸರಿದರು, ಸರಿ. ಆದರೆ ಅವರ ಕೆಲಸಗಳು ಹಾಗೇ ಉಳಿದವು. ಒಂದೊಂದು ಒಬ್ಬೊಬ್ಬರ ತಲೆಗೆ ಬಂತು. ಯಾವುದು ಯಾರ ತಲೆಗೆ ಬಂತು ಅನ್ನುವುದು ತಿಳಿದರೆ, ಸೋಷಿಯಲ್ ಮೀಡಿಯಾದಲ್ಲಿ ನಮ್ಮ ಕೆಲಸಕ್ಕೆ ಏನಾಗುತ್ತದೆ ಅನ್ನುವುದು ಮುಕ್ಕಾಲು ಪಾಲು ತಿಳಿದ ಹಾಗೆ.

ಮೊದಲು ಬಾಗಿಲು ಯಾಕಿತ್ತು?

ಸಂಪಾದಕರು ಕೆಟ್ಟವರೇನಲ್ಲ. (ಕೆಲವರು ಇದ್ದರು, ಬಿಡಿ.) ಇದ್ದ ಜಾಗವೇ ಕಡಿಮೆ. ಪತ್ರಿಕೆಯಲ್ಲಿ ಒಂದು ಹಾಳೆ ಜಾಸ್ತಿ ಮಾಡಿದರೆ, ಹತ್ತು ಸಾವಿರ ಪ್ರತಿಗೆ ಹತ್ತು ಸಾವಿರ ಹಾಳೆ ಜಾಸ್ತಿ ಕೊಳ್ಳಬೇಕು. ರೇಡಿಯೋಗೆ ದಿನಕ್ಕೆ 24 ಗಂಟೆಯೇ ಇರುವುದು. ಖರ್ಚು ಮೊದಲೇ ಬೀಳುವ ಕಡೆ ಆರಿಸುವುದೂ ಮೊದಲೇ ನಡೆಯಬೇಕಾಗುತ್ತದೆ.

ವೆಬ್ ಬಂದು ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಇಲ್ಲಿ ಇನ್ನೊಂದು ಪುಟ ಸೇರಿಸಲು ಹೆಚ್ಚುಕಡಿಮೆ ಖರ್ಚೇ ಇಲ್ಲ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರವಾದ ಸರ್ನ್ ಸಂಸ್ಥೆಯಲ್ಲಿ ಕೂತು ವೆಬ್ಬಿನ ಯೋಜನೆ ಬರೆದರು. 1990ರಲ್ಲಿ ಮೊದಲ ಬ್ರೌಸರ್ ಮಾಡಿದರು. ಅದರ ಒಂದು ಗುಣ ಈಗ ಬಹಳ ಜನರಿಗೆ ಗೊತ್ತಿಲ್ಲ: ಓದುವ ಕಿಟಕಿಯಲ್ಲೇ ಬರೆಯಲೂ ಬರುತ್ತಿತ್ತು. ಓದುವವರೇ ಬರೆಯುವವರೂ ಆಗಲಿ ಅನ್ನುವುದು ಅವರ ಆಸೆ. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಜ್ಞಾನವನ್ನು ಯಾರು ಬೇಕಾದರೂ ಪುಕ್ಕಟೆ ಬಳಸಲಿ ಎಂದು ಬಿಟ್ಟುಕೊಟ್ಟಿತು.

ಆದರೆ ಅದೇ ವರ್ಷ ಮನೆಮಾತಾದ ಮೊಸಾಯಿಕ್ ಬ್ರೌಸರ್ ಮುಖ್ಯವಾಗಿ ಓದುವುದಕ್ಕೆ ಇದ್ದದ್ದು. ಬರೆಯಬೇಕು ಅಂದರೆ ವೆಬ್ ಪುಟ ಕಟ್ಟುವ ಸಂಕೇತ ಭಾಷೆಯಾದ ಎಚ್‌ಟಿಎಂಎಲ್ ಕಲಿಯಬೇಕು, ಪುಟಗಳನ್ನು ಇಟ್ಟು ಹಂಚುವ ಕಂಪ್ಯೂಟರಿನಲ್ಲಿ, ಅಂದರೆ ಸರ್ವರ್‌ನಲ್ಲಿ, ಜಾಗ ಹಿಡಿಯಬೇಕು, ಫೈಲುಗಳನ್ನು ಅಲ್ಲಿಗೆ ಸಾಗಿಸುವುದು ಗೊತ್ತಿರಬೇಕು. ಅಪ್ಪಣೆ ಬೇಡವಾಗಿತ್ತು, ಆದರೆ ಕಸುಬು ಬೇಕಿತ್ತು. 1994ರಲ್ಲಿ ಶುರುವಾದ ಜಿಯೋಸಿಟೀಸ್ ಜಾಗವನ್ನು ಪುಕ್ಕಟೆ ಕೊಟ್ಟಿತು. 1999ರಲ್ಲಿ ಬಂದ ಬ್ಲಾಗರ್ ಎಂಬ ಸೇವೆ ಉಳಿದ ಕಷ್ಟವನ್ನೂ ಇಳಿಸಿತು: ಒಂದು ಖಾಲಿ ಚೌಕ, ಕೆಳಗೊಂದು ಗುಂಡಿ. ಚೌಕದಲ್ಲಿ ಬರೆಯಿರಿ, ಗುಂಡಿ ಒತ್ತಿ. ನನ್ನನ್ನು ಕೇಳಿದರೆ ಇಡೀ ಕಥೆಯಲ್ಲಿ ದೊಡ್ಡ ಆವಿಷ್ಕಾರ ಇದೇ. ಆಮೇಲೆ ಬಂದ ಎಲ್ಲ ಆ್ಯಪ್‌ಗಳಲ್ಲೂ ಇಂದಿಗೂ ಇರುವುದು ಅದೇ ಚೌಕ, ಅದೇ ಗುಂಡಿ.

ಒಂದು ನಿಮಿಷದ ವಿಡಿಯೋ ಎಷ್ಟು ಭಾರ?

ಅಕ್ಷರಗಳದ್ದು ಸುಲಭದ ಮಾತು. ಒಂದು ಕವಿತೆ ಒಂದೆರಡು ಸಾವಿರ ಬೈಟ್ ತೂಗಿದರೆ ಹೆಚ್ಚು. ಚಿತ್ರ, ವಿಡಿಯೋಗಳ ಕಥೆ ಹಾಗಲ್ಲ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಬೇಸರ ಬೇಡ.

ಒಂದು 12 ಮೆಗಾಪಿಕ್ಸೆಲ್ ಫೋಟೊ ತೆಗೆದುಕೊಳ್ಳಿ. ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕಿ. ಒಟ್ಟು 1.2 ಕೋಟಿ ಚುಕ್ಕಿ. ಪ್ರತಿ ಚುಕ್ಕಿಗೂ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು ಮೂರು ಬೈಟ್ ಬರೆದಿಡಬೇಕು. ಅಲ್ಲಿಗೆ 36 ಎಂಬಿ ಆಯಿತು. ನಿಮ್ಮ ಫೋನಿನಲ್ಲಿ ಅದೇ ಫೋಟೊ ಮೂರು ನಾಲ್ಕು ಎಂಬಿಯಲ್ಲಿ ಕೂತಿರುತ್ತದೆ. ಹೇಗೆ?

ಇದು ಜೆಪೆಗ್‌ನ ಕೈಚಳಕ. 1992ರಲ್ಲಿ ಬಂದ ಈ ಪದ್ಧತಿ ನಮ್ಮ ಕಣ್ಣಿನ ದೌರ್ಬಲ್ಯದ ಮೇಲೆ ನಿಂತಿದೆ. ಬೆಳಕು ನೆರಳಿನ ವ್ಯತ್ಯಾಸ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಬಣ್ಣದ ಸಣ್ಣ ಪುಟ್ಟ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಹಾಗಾಗಿ ಬಣ್ಣದ ವಿವರವನ್ನು ಕಡಿಮೆ ಮಾಡುತ್ತದೆ. ಆಮೇಲೆ ಚಿತ್ರವನ್ನು ಎಂಟಕ್ಕೆ ಎಂಟರ ಪುಟ್ಟ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲೂ ಕಣ್ಣು ಗಮನಿಸದ ನವಿರು ಏರಿಳಿತಗಳನ್ನು ಒರಸಿ ಹಾಕುತ್ತದೆ. ಒಂದೇ ಫೋಟೊ ಹತ್ತು ಕಡೆ ಫಾರ್ವರ್ಡ್ ಆಗಿ ಬಂದಾಗ ಅದರಲ್ಲಿ ಚೌಕ ಚೌಕದ ಕಲೆ ಕಾಣುತ್ತದಲ್ವಾ? ಅದು ಈ ಕತ್ತರಿಯ ಗುರುತು. ಪ್ರತಿ ಸಲ ಕುಗ್ಗಿಸಿದಾಗಲೂ ಇನ್ನಷ್ಟು ಒರಸಿ ಹೋಗಿರುತ್ತದೆ.

ವಿಡಿಯೋ ಇನ್ನೂ ಭಾರ. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಯ ಚಿತ್ರ ಸೆಕೆಂಡಿಗೆ 30. ಕುಗ್ಗಿಸದೆ ಇಟ್ಟರೆ ಸೆಕೆಂಡಿಗೆ ಸುಮಾರು 187 ಎಂಬಿ, ನಿಮಿಷಕ್ಕೆ 11 ಜಿಬಿ. ಹೀಗಿದ್ದರೆ ಯಾರೂ ಏನನ್ನೂ ಹಂಚುತ್ತಿರಲಿಲ್ಲ. ಉಪಾಯ ಏನೆಂದರೆ, ಒಂದು ಚಿತ್ರವನ್ನು ಪೂರ್ತಿ ಇಟ್ಟುಕೊಂಡು, ಮುಂದಿನ ಚಿತ್ರಗಳಲ್ಲಿ ಏನು ಬದಲಾಯಿತೋ ಅಷ್ಟನ್ನು ಮಾತ್ರ ಬರೆಯುವುದು. ಗೋಡೆಯ ಮುಂದೆ ಕೂತು ಕೊಳಲು ನುಡಿಸುವವರ ವಿಡಿಯೋದಲ್ಲಿ ಗೋಡೆ ಅಲ್ಲಾಡುವುದಿಲ್ಲ, ಬೆರಳು ಮಾತ್ರ ಆಡುತ್ತದೆ. ಬೆರಳಿನ ಲೆಕ್ಕ ಬರೆದರೆ ಸಾಕು. ಹೀಗೆ 11 ಜಿಬಿಯದ್ದು 60 ಎಂಬಿಗೆ ಇಳಿಯಬಹುದು. ಸುರಿಯುವ ಮಳೆ, ಹಾರುವ ಬಣ್ಣದ ಚೂರುಗಳು ವಿಡಿಯೋದಲ್ಲಿ ಮಸುಕಾಗುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಅಲ್ಲಿ ಎಲ್ಲವೂ ಬದಲಾಗುತ್ತಿರುತ್ತದೆ, ಉಳಿತಾಯಕ್ಕೆ ಜಾಗವೇ ಇಲ್ಲ.

ನೀವು ಕಳಿಸಿದ ಫೈಲು ಸರ್ವರ್ ತಲುಪಿದ ಮೇಲೆ ಅದರ ಹಲವು ಪ್ರತಿಗಳು ತಯಾರಾಗುತ್ತವೆ. ದೊಡ್ಡ ತೆರೆಗೊಂದು, ಸಣ್ಣ ಫೋನಿಗೊಂದು, ನೆಟ್ ನಿಧಾನ ಇರುವವರಿಗೊಂದು. ಆ ಪ್ರತಿಗಳು ನೋಡುವವರಿಗೆ ಹತ್ತಿರದ ಸರ್ವರ್‌ಗಳಿಗೆ ಹೋಗಿ ಕೂರುತ್ತವೆ. ಈ ಖರ್ಚೆಲ್ಲ ಕಂಪನಿಯದು. ಯೂಟ್ಯೂಬ್ 2005ರಲ್ಲಿ ಮಾಡಿದ್ದು ಮುಖ್ಯವಾಗಿ ಇದನ್ನೇ. ನಿಮ್ಮ ಹತ್ತಿರ ಯಾವ ಬಗೆಯ ಫೈಲಿದ್ದರೂ ಕೊಡಿ, ಎಲ್ಲರ ಬ್ರೌಸರ್‌ನಲ್ಲಿ ಓಡುವ ಹಾಗೆ ನಾವು ಮಾಡಿಕೊಳ್ಳುತ್ತೇವೆ ಅಂದಿತು. ಆ ವರ್ಷದ ಏಪ್ರಿಲ್ 23ರಂದು ಅಲ್ಲಿಗೆ ಹಾಕಿದ ಮೊದಲ ವಿಡಿಯೋ 19 ಸೆಕೆಂಡಿನದು. ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತ ಯುವಕರೊಬ್ಬರು, ಕಂಪನಿ ಕಟ್ಟಿದ ಮೂವರಲ್ಲಿ ಒಬ್ಬರು, ಇವುಗಳ ಸೊಂಡಿಲು ಬಹಳ ಉದ್ದ ಎನ್ನುತ್ತಾರೆ. ಅಷ್ಟೇ. ಯಾವ ಟಿವಿ ಸಂಪಾದಕರೂ ಅದನ್ನು ಪಾಸು ಮಾಡುತ್ತಿರಲಿಲ್ಲ.

ಅಂದ ಹಾಗೆ ಒಂದು ಎಚ್ಚರ. ಫೋನಿನ ಫೋಟೊದೊಳಗೆ ಅದನ್ನು ತೆಗೆದ ಸಮಯ ಇರುತ್ತದೆ, ಎಷ್ಟೋ ಸಲ ಸ್ಥಳದ ಗುರುತೂ ಇರುತ್ತದೆ. ಕೆಲವು ತಾಣಗಳು ಅದನ್ನು ಅಳಿಸಿ ತೋರಿಸುತ್ತವೆ, ಎಲ್ಲವೂ ಅಲ್ಲ. ಮನೆಯಲ್ಲಿ ತೆಗೆದ ಫೋಟೊ ಹಾಕುವ ಮೊದಲು ಕ್ಯಾಮೆರಾದ ಲೊಕೇಶನ್ ಆಫ್ ಇದೆಯಾ ನೋಡಿಕೊಳ್ಳಿ.

ಆರಿಸುವ ಕೆಲಸ ಎಣಿಸುವವನಿಗೆ ಹೋಯಿತು

ಹಾಕುವುದು ಸುಲಭವಾಯಿತು. ನೋಡುವವರು ಎಲ್ಲಿಂದ ಬರಬೇಕು?

ಹಳೆಯ ವೆಬ್ಬಿನಲ್ಲಿ ಇದೇ ತಲೆನೋವು. ಚೆಂದದ ಪುಟ ಮಾಡಿ ಇಟ್ಟು, ಯಾರಾದರೂ ಬರಲಿ ಎಂದು ಬಾಗಿಲು ನೋಡುತ್ತಾ ಕೂರಬೇಕಿತ್ತು. ಸೋಷಿಯಲ್ ವೆಬ್ ಸೇರಿಸಿದ ಹೊಸ ವಿಷಯ ಇದು: ನಿಮ್ಮ ಕೆಲಸವನ್ನು ಜನರ ಪಟ್ಟಿಯೊಂದಕ್ಕೆ ಕಟ್ಟಿಹಾಕಿತು. ನಿಮ್ಮನ್ನು ಫಾಲೋ ಮಾಡುವವರ ಪಟ್ಟಿ. ನೀವು ಏನಾದರೂ ಹಾಕಿದರೆ ಅದು ಅವರ ಫೀಡಿಗೆ, ಅಂದರೆ ತಾಣ ತೆರೆದ ಕೂಡಲೇ ಕಾಣುವ ಸಾಲಿಗೆ, ತಾನೇ ಹೋಗಿ ಕೂರುತ್ತದೆ. ಫೇಸ್‌ಬುಕ್ 2006ರಲ್ಲಿ ನ್ಯೂಸ್ ಫೀಡ್ ತಂದಾಗ ಬಳಸುವವರೇ ಗಲಾಟೆ ಮಾಡಿದ್ದರು, ಇದೇನು ಎಲ್ಲರ ವಿಷಯ ಎಲ್ಲರ ಮುಂದೆ ಅಂತ. ಈಗ ಫೀಡ್ ಇಲ್ಲದ ಆ್ಯಪ್ ಹುಡುಕಬೇಕು.

ಮೊದಮೊದಲು ಫೀಡ್ ಅಂದರೆ ಬರೀ ಸಾಲು. ಕೊನೆಗೆ ಹಾಕಿದ್ದು ಮೇಲೆ. ಇನ್‌ಸ್ಟಾಗ್ರಾಂ 2010ರಲ್ಲಿ ಶುರುವಾದಾಗ ಹೀಗೇ ಇತ್ತು. 2016ರಲ್ಲಿ ಅದು ಕ್ರಮ ಬದಲಿಸಿ, ನಿಮಗೆ ಹಿಡಿಸಬಹುದಾದ್ದನ್ನು ಮೇಲೆ ತಂದಿತು. ಯೂಟ್ಯೂಬ್ 2012ರಲ್ಲೇ ಎಷ್ಟು ಜನ ಕ್ಲಿಕ್ ಮಾಡಿದರು ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ತೂಕ ಜಾಸ್ತಿ ಕೊಟ್ಟಿತು. ಟಿಕ್‌ಟಾಕ್ ಇನ್ನೂ ಮುಂದೆ ಹೋಗಿ, ಯಾರನ್ನು ಫಾಲೋ ಮಾಡುತ್ತೀರಿ ಅನ್ನುವುದನ್ನೇ ಬಹುಮಟ್ಟಿಗೆ ಬದಿಗಿಟ್ಟಿತು. ನಿಮಗೆ ಒಬ್ಬ ಫಾಲೋವರ್ ಇಲ್ಲದಿದ್ದರೂ ನಿಮ್ಮ ವಿಡಿಯೋ ಅಪರಿಚಿತರ ಮುಂದೆ ಬರಬಹುದು.

ಇದು ಒಳಗೆ ಹೇಗೆ ನಡೆಯುತ್ತದೆ? ಕಂಪನಿಗಳು ಪೂರ್ತಿ ಗುಟ್ಟು ಬಿಟ್ಟುಕೊಡುವುದಿಲ್ಲ. ಆದರೆ ಮೂಲ ಉಪಾಯ ಗುಟ್ಟೇನಲ್ಲ. ಯಾವುದನ್ನು ಯಾರಿಗೆ ತೋರಿಸಬೇಕೆಂದು ಆರಿಸುವ ಪ್ರೋಗ್ರಾಮಿಗೆ ನಿಮ್ಮ ಹಾಡು ಚೆನ್ನಾಗಿದೆಯೋ ಇಲ್ಲವೋ ತಿಳಿಯದು. ಅದಕ್ಕೆ ಕಿವಿ ಇಲ್ಲ. ಅದು ಮೊದಲು ಸ್ವಲ್ಪ ಜನಕ್ಕೆ ತೋರಿಸುತ್ತದೆ. ಆಮೇಲೆ ಆ ಜನರನ್ನು ನೋಡುತ್ತದೆ. ಎಷ್ಟನೇ ಸೆಕೆಂಡಿಗೆ ಬೆರಳು ಮೇಲೆ ಸರಿಯಿತು? ಕೊನೆವರೆಗೆ ನೋಡಿದರಾ? ಮತ್ತೊಮ್ಮೆ ನೋಡಿದರಾ? ಯಾರಿಗಾದರೂ ಕಳಿಸಿದರಾ? ಸಂಖ್ಯೆ ಚೆನ್ನಾಗಿ ಬಂದರೆ ಇನ್ನಷ್ಟು ಜನಕ್ಕೆ, ಅಲ್ಲೂ ಚೆನ್ನಾಗಿ ಬಂದರೆ ಇನ್ನೂ ಹೆಚ್ಚು ಜನಕ್ಕೆ. ಇದರ ಜೊತೆಗೆ ಹೋಲಿಕೆಯ ಲೆಕ್ಕವೂ ಇರುತ್ತದೆ. ನಿಮ್ಮಂತೆಯೇ ಹತ್ತು ವಿಷಯಗಳಲ್ಲಿ ರುಚಿ ಇರುವವರು ಹನ್ನೊಂದನೆಯದನ್ನು ಮೆಚ್ಚಿದ್ದರೆ, ಅದನ್ನು ನಿಮಗೂ ತೋರಿಸುತ್ತದೆ.

ಅಂದರೆ ಬಾಗಿಲು ಹೋಗಿಲ್ಲ. ಅದು ಅಚ್ಚಿನ ಮೊದಲು ಇತ್ತು, ಈಗ ಅಚ್ಚಾದ ನಂತರಕ್ಕೆ ಸರಿದಿದೆ. ಮೊದಲು ‘ಪ್ರಕಟಿಸುವುದಿಲ್ಲ’ ಅನ್ನುತ್ತಿದ್ದರು. ಈಗ ಪ್ರಕಟವಾಗುತ್ತದೆ, ಆದರೆ ಹನ್ನೊಂದು ಜನ ನೋಡುತ್ತಾರೆ. ಅದರಲ್ಲಿ ಇಬ್ಬರು ಮನೆಯವರು.

ಇಲ್ಲೊಂದು ಸೂಕ್ಷ್ಮ ಇದೆ. ಎಣಿಸುವ ಪ್ರೋಗ್ರಾಮಿಗೆ ಮೆಚ್ಚುಗೆ ಬೇರೆ, ಕುತೂಹಲ ಬೇರೆ, ಸಿಟ್ಟು ಬೇರೆ ಎಂದು ಸರಿಯಾಗಿ ಗೊತ್ತಾಗುವುದಿಲ್ಲ. ನಿಂತು ನೋಡಿದರು ಅನ್ನುವುದಷ್ಟೇ ಗೊತ್ತು. ಹಾಗಾಗಿ ತಟ್ಟನೆ ಹಿಡಿದು ನಿಲ್ಲಿಸುವುದಕ್ಕೆ ಬೆಲೆ ಜಾಸ್ತಿ. ವಿಡಿಯೋಗಳೆಲ್ಲ ‘ಕೊನೆವರೆಗೆ ನೋಡಿ’ ಎಂದು ಕಿರುಚುತ್ತಾ ಶುರುವಾಗುವುದು ಯಾಕೆ ಅಂತೀರಿ? ನಿಧಾನವಾಗಿ ತೆರೆದುಕೊಳ್ಳುವ ಕೆಲಸಕ್ಕೆ, ಉದಾಹರಣೆಗೆ ಹತ್ತು ನಿಮಿಷ ಆಲಾಪನೆಯಲ್ಲೇ ಕಳೆಯುವ ಸಂಗೀತಕ್ಕೆ, ಈ ಪರೀಕ್ಷೆ ಕಠಿಣ. ಅಂಥದ್ದಕ್ಕೆ ಫೀಡಿಗಿಂತ ಹುಡುಕಾಟವೇ ವಾಸಿ. ಬೇಕಾದವರು ಹೆಸರು ಹುಡುಕಿಕೊಂಡು ಬರುತ್ತಾರೆ, ಎರಡು ವರ್ಷದ ನಂತರವೂ ಬರುತ್ತಾರೆ. ಶೀರ್ಷಿಕೆಯಲ್ಲಿ ‘ನನ್ನ ಹೊಸ ಪ್ರಯತ್ನ’ ಎಂದು ಬರೆದರೆ ಯಾರೂ ಹುಡುಕಲಾರರು. ಏನು, ಯಾವುದರಲ್ಲಿ, ಹೇಗೆ ಮಾಡಿದ್ದು ಎಂದು ಬರೆದರೆ ಹುಡುಕುವವರಿಗೆ ಸಿಗುತ್ತದೆ. ಚಿತ್ರದ ಜೊತೆ ನಾಲ್ಕು ಮಾತಿನ ವಿವರಣೆ ಸೇರಿಸುವ ಜಾಗ ಎಷ್ಟೋ ತಾಣಗಳಲ್ಲಿದೆ. ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುತ್ತದೆ. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ.

ಹನ್ನೊಂದು ಜನ ಅಂದೆನಲ್ಲ, ಅದಕ್ಕೆ ಬೇಸರ ಪಡುವ ಮೊದಲು ಇನ್ನೊಂದು ಮಾತು. ಜನ ಸೇರುವ ತಾಣಗಳಲ್ಲಿ ನೂರಕ್ಕೆ 90 ಜನ ಸುಮ್ನೆ ನೋಡಿ ಹೋಗುತ್ತಾರೆ, 9 ಜನ ಆಗೊಮ್ಮೆ ಈಗೊಮ್ಮೆ ಏನಾದರೂ ಮಾಡುತ್ತಾರೆ, ಒಬ್ಬರು ಮಾತ್ರ ಜಾಸ್ತಿ ಹಾಕುತ್ತಾರೆ ಎಂದು ಜನ ವೆಬ್ ಬಳಸುವ ರೀತಿಯನ್ನು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 2006ರಲ್ಲಿ ಬರೆದಿದ್ದರು. ಅದು ಅಂದಾಜಿನ ಸೂತ್ರ, ತಾಣದಿಂದ ತಾಣಕ್ಕೆ ಬದಲಾಗುತ್ತದೆ. ಆದರೂ ಲೈಕ್ ಇಲ್ಲ ಅಂದರೆ ಯಾರೂ ನೋಡಿಲ್ಲ ಅಂತಲ್ಲ. ನೋಡಿ, ಇಷ್ಟಪಟ್ಟು, ಏನೂ ಒತ್ತದೆ ಹೋಗುವವರೇ ಬಹಳ. ನಾನೂ ಅವರಲ್ಲೊಬ್ಬ.

ತಿದ್ದುವ ಕೆಲಸ, ಜೊತೆಗೆ ಹಾಡುವ ಕೆಲಸ

ವಾಪಸ್ ಬಂದ ಲಕೋಟೆಗಳಲ್ಲಿ ಒಮ್ಮೆ ಮಾತ್ರ ನನಗೆ ಅಚ್ಚಿನ ಚೀಟಿಯ ಬದಲು ಪೆನ್ಸಿಲಿನ ಗೆರೆ ಸಿಕ್ಕಿತ್ತು. ಮೊದಲ ಚರಣದ ಪಕ್ಕದಲ್ಲಿ ಒಂದು ಉದ್ದ ಗೀಟು, ಅಂಚಿನಲ್ಲಿ ಮೂರು ಪದ: ‘ಇದು ಬೇಕಿತ್ತಾ, ನೋಡಿ.’ ಎಣಿಸುವ ಪ್ರೋಗ್ರಾಮು ಎಂದೂ ಹೀಗೆ ಬರೆಯುವುದಿಲ್ಲ. ಅದು ಹನ್ನೊಂದು ಎಂದು ಹೇಳುತ್ತದೆಯೇ ಹೊರತು, ಯಾಕೆ ಹನ್ನೊಂದು ಎಂದು ಹೇಳುವುದಿಲ್ಲ.

ಈ ಪೆನ್ಸಿಲು ಈಗ ಓದುಗರ ಕೈಯಲ್ಲಿದೆ. ಎಲ್ಲ ಕಡೆ ಅಲ್ಲ. ದೊಡ್ಡ ಫೀಡುಗಳಲ್ಲಿ ಸಿಗುವುದು ‘ಸೂಪರ್’, ಇಲ್ಲದಿದ್ದರೆ ಬೈಗುಳ. ನಿಜವಾದ ತಿದ್ದುಪಡಿ ನಡೆಯುವುದು ಒಂದೇ ಕಸುಬಿನವರು ಸೇರುವ ಸಣ್ಣ ಜಾಗಗಳಲ್ಲಿ. ರಾವೆಲ್ರಿ ಎಂಬ ತಾಣ 2007ರಿಂದ ಇದೆ, ಅದು ಹೆಣಿಗೆ ಮಾಡುವವರದು. ಒಬ್ಬರು ಸ್ವೆಟರಿನ ವಿನ್ಯಾಸ ಬರೆದು ಹಾಕುತ್ತಾರೆ. ಅದನ್ನು ನೋಡಿ ಹೆಣೆದವರು ತಮ್ಮ ಸ್ವೆಟರಿನ ಫೋಟೊ ಹಾಕಿ, ಯಾವ ನೂಲು ಬಳಸಿದೆ, ತೋಳನ್ನು ಎಷ್ಟು ಉದ್ದ ಮಾಡಿದೆ, ಎಲ್ಲಿ ಲೆಕ್ಕ ತಪ್ಪಿತು ಎಂದು ಬರೆಯುತ್ತಾರೆ. ಮುಂದೆ ಹೆಣೆಯುವವರು ಮೊದಲು ಓದುವುದು ಆ ಟಿಪ್ಪಣಿಗಳನ್ನೇ. ವಿನ್ಯಾಸ ಮಾಡಿದವರಿಗೆ ತಮ್ಮ ಸೂಚನೆಯ ಯಾವ ಸಾಲು ಜನರಿಗೆ ತೊಡಕಾಗುತ್ತಿದೆ ಎಂದು ಗೊತ್ತಾಗುತ್ತದೆ. ವಾಟ್‌ಪ್ಯಾಡ್‌ನಲ್ಲಿ ಕಥೆಯ ಒಂದೊಂದು ಪ್ಯಾರಾದ ಪಕ್ಕದಲ್ಲೂ ಓದುಗರು ಬರೆಯಬಹುದು. ಮೆಚ್ಚಿದ ಪುಸ್ತಕ, ಸಿನಿಮಾಗಳ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿಗಳು ಕಥೆ ಬರೆಯುವ ವಲಯದಲ್ಲಿ, ಹಾಕುವ ಮೊದಲೇ ಓದಿ ತಿದ್ದಿಕೊಡುವವರಿಗೆ ‘ಬೀಟಾ ರೀಡರ್’ ಎಂಬ ಹೆಸರೇ ಇದೆ. ಸಂಬಳ ಇಲ್ಲ. ಇವತ್ತು ನಾನು ನಿಮ್ಮದನ್ನು ಓದುತ್ತೇನೆ, ನಾಳೆ ನೀವು ನನ್ನದನ್ನು ಓದುತ್ತೀರಿ.

ತಿದ್ದುವುದಕ್ಕಿಂತ ದೊಡ್ಡದು ಇನ್ನೊಂದು ನಡೆಯಿತು. ಹಳೆಯ ಸಂಪಾದಕರಿಗೂ ಇದು ಸಾಧ್ಯವಿರಲಿಲ್ಲ. ಹಾಡಿಗೆ ಹಾಡಿನಲ್ಲೇ ಉತ್ತರ ಕೊಡುವುದು.

ಸ್ಕಾಟ್ಲೆಂಡಿನಲ್ಲಿ ಅಂಚೆ ಹಂಚುವ ಕೆಲಸದಲ್ಲಿದ್ದ ನೇಥನ್ ಎವನ್ಸ್ 2020ರ ಕೊನೆಗೆ ಟಿಕ್‌ಟಾಕ್‌ನಲ್ಲಿ ಹಡಗಿನವರ ಹಳೆಯ ಹಾಡೊಂದನ್ನು ಹಾಡಿ ಹಾಕಿದರು. ವಾದ್ಯಮೇಳ ಇಲ್ಲ, ಒಂಟಿ ದನಿ, ತಾಳಕ್ಕೆ ಬರೀ ಬಡಿತ. ಆ ಆ್ಯಪಿನಲ್ಲಿ ಡ್ಯುಯೆಟ್ ಎಂಬ ಸೌಲಭ್ಯ ಇದೆ. ತೆರೆ ಎರಡು ಭಾಗವಾಗುತ್ತದೆ. ಒಂದು ಕಡೆ ಮೂಲ ವಿಡಿಯೋ ಓಡುತ್ತಿರುತ್ತದೆ, ಇನ್ನೊಂದು ಕಡೆ ನಿಮ್ಮ ಕ್ಯಾಮೆರಾ. ಎರಡೂ ಸೇರಿ ಒಂದು ಹೊಸ ವಿಡಿಯೋ ಆಗುತ್ತದೆ. ಒಬ್ಬರು ಬಂದು ಕೆಳಗಿನ ಸ್ಥಾಯಿಯ ದಪ್ಪ ದನಿ ಸೇರಿಸಿದರು. ಆ ಜೋಡಿ ವಿಡಿಯೋ ತೆಗೆದುಕೊಂಡು ಮತ್ತೊಬ್ಬರು ಇನ್ನೊಂದು ಸ್ವರ ಸೇರಿಸಿದರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು, ಪಿಟೀಲಿನವರು. ಪದರದ ಮೇಲೆ ಪದರ. 2021ರ ಜನವರಿ ಹೊತ್ತಿಗೆ ಒಬ್ಬರನ್ನೊಬ್ಬರು ಕಂಡೇ ಇಲ್ಲದ ಜನರ ತುಂಬು ಗಾಯನವೊಂದು ತಯಾರಾಗಿತ್ತು. ಎವನ್ಸ್ ಅಂಚೆ ಕೆಲಸ ಬಿಟ್ಟು ಹಾಡುಗಾರರಾದರು.

ಇಲ್ಲಿ ಯಾರೂ ಯೋಜನೆ ಹಾಕಿರಲಿಲ್ಲ ಅನ್ನುವುದು ಗಮನಿಸಬೇಕಾದ್ದು. ಇದಕ್ಕೆ ಮೊದಲು, 2010ರಲ್ಲಿ, ಸಂಗೀತ ಸಂಯೋಜಕ ಎರಿಕ್ ವಿಟೇಕರ್ 12 ದೇಶಗಳ 185 ದನಿಗಳನ್ನು ಸೇರಿಸಿ ಒಂದು ವೃಂದಗಾನ ಮಾಡಿದ್ದರು. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಹಾಡಿ ವಿಡಿಯೋ ಕಳಿಸಿದ್ದರು. ಅಲ್ಲಿ ಮಧ್ಯದಲ್ಲಿ ಒಬ್ಬರು ನಿಂತು ಕೈ ಆಡಿಸುತ್ತಿದ್ದರು. ಹಡಗಿನ ಹಾಡಿಗೆ ಅವರೂ ಬೇಕಾಗಲಿಲ್ಲ. ಮುಂದಿನವರು ಸೇರಿಕೊಳ್ಳಲು ಜಾಗ ಬಿಟ್ಟಿದ್ದೇ ಸಾಕಾಯಿತು. ಒಂಟಿ ದನಿಯ ಹಾಡು ಆದ್ದರಿಂದಲೇ ಅದಕ್ಕೆ ಇಷ್ಟು ಜನ ಸೇರಲು ಆಯಿತು ಅನ್ನುವುದು ನನ್ನ ಊಹೆ. ಪೂರ್ತಿ ಪಾಲಿಶ್ ಆದ ಹಾಡಿಗೆ ಯಾರು ಏನು ಸೇರಿಸುತ್ತಾರೆ ಹೇಳಿ?

ಮಕ್ಕಳು ಕಂಪ್ಯೂಟರ್ ಆಟ ಮಾಡಿ ಹಂಚಲಿ ಎಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ತಂದ ಸ್ಕ್ರ್ಯಾಚ್ ತಾಣ ಕೂಡ ಇದೇ ದಾರಿಯದು. ಅಲ್ಲಿ ಯಾವ ಮಗು ಆಟ ಮಾಡಿ ಹಂಚಿದರೂ, ಇನ್ನೊಂದು ಮಗು ಅದನ್ನು ಬಿಚ್ಚಿ ನೋಡಬಹುದು, ಬದಲಿಸಬಹುದು. ಮೂಲ ಮಾಡಿದವರ ಹೆಸರನ್ನು ತಾಣವೇ ತಾನಾಗಿ ತೋರಿಸುತ್ತದೆ.

ಇದು ಯಾರದ್ದು?

ಹೆಸರಿನ ಮಾತು ಬಂತಲ್ಲ, ಹಕ್ಕಿನ ವಿಷಯ ಸ್ವಲ್ಪ ನೋಡೋಣ. ಕಾಪಿರೈಟ್ ಪಡೆಯಲು ಅರ್ಜಿ ಹಾಕಬೇಕು ಎಂದು ತಿಳಿದವರು ಬಹಳ. ಬೇಕಿಲ್ಲ. 1886ರಲ್ಲಿ ಶುರುವಾದ ಬರ್ನ್ ಒಪ್ಪಂದದಲ್ಲಿ ಈಗ 180ಕ್ಕೂ ಹೆಚ್ಚು ದೇಶಗಳಿವೆ. ಅದರ ಪ್ರಕಾರ ನೀವು ಬರೆದ ಕೂಡಲೇ, ಬಿಡಿಸಿದ ಕೂಡಲೇ ಹಕ್ಕು ನಿಮ್ಮದಾಗುತ್ತದೆ. ತಾಣಕ್ಕೆ ಹಾಕಿದರೂ ಸಾಮಾನ್ಯವಾಗಿ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ. ಆದರೆ ‘ಒಪ್ಪುತ್ತೇನೆ’ ಎಂದು ಒತ್ತಿದಿರಲ್ಲ, ಅಲ್ಲಿ ನೀವು ತಾಣಕ್ಕೆ ಒಂದು ಪರವಾನಗಿ ಕೊಟ್ಟಿರುತ್ತೀರಿ: ಎಲ್ಲಿ ಬೇಕಾದರೂ, ದುಡ್ಡು ಕೊಡದೆ, ನಿಮ್ಮ ಕೆಲಸವನ್ನು ನಕಲು ಮಾಡಲು, ತೋರಿಸಲು, ಗಾತ್ರ ಬದಲಿಸಲು. ಇದಿಲ್ಲದಿದ್ದರೆ ಹಲವು ಪ್ರತಿ ಮಾಡಿ ಹಂಚುವ ಕೆಲಸವನ್ನೇ ಅದು ಮಾಡುವಂತಿಲ್ಲ. ಹಾಗಾಗಿ ಪರವಾನಗಿ ಇರುವುದೇ ತಪ್ಪಲ್ಲ. ಎಷ್ಟು ಅಗಲ ಇದೆ, ಎಷ್ಟು ದಿನದ್ದು, ನೀವು ಅಳಿಸಿದರೆ ಮುಗಿಯುತ್ತದೆಯಾ ಅನ್ನುವುದನ್ನು ನೋಡಬೇಕು. ಎಐ ತರಬೇತಿಗೆ ಬಳಸುತ್ತಾರಾ ಅನ್ನುವುದು ಈಗ ಸೇರಿದ ಹೊಸ ಪ್ರಶ್ನೆ.

ನಿಮಗೇ ಬೇರೆಯವರು ಬಳಸಲಿ ಅನಿಸಿದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಿವೆ. 2002ರಿಂದ ಚಾಲ್ತಿಯಲ್ಲಿವೆ. ಹೆಸರು ಹೇಳಿ ಬಳಸಿ, ದುಡ್ಡು ಮಾಡುವುದಕ್ಕೆ ಬೇಡ, ಬದಲಿಸಬೇಡಿ, ಬದಲಿಸಿದರೆ ನೀವೂ ಹೀಗೇ ಹಂಚಿ, ಎಂಬ ನಾಲ್ಕು ಷರತ್ತುಗಳನ್ನು ಜೋಡಿಸಿ ಆರು ಬಗೆ ಮಾಡಿದ್ದಾರೆ. ವಕೀಲರ ಹತ್ತಿರ ಹೋಗದೆ ಒಂದು ಸಾಲಿನಲ್ಲಿ ನಿಮ್ಮ ಮನಸ್ಸು ಹೇಳಬಹುದು. ಇನ್ನು ಬೇರೆಯವರ ಹಾಡನ್ನು ನಿಮ್ಮ ವಿಡಿಯೋಗೆ ಹಾಕಿದರೆ, ಯೂಟ್ಯೂಬ್ 2007ರಲ್ಲಿ ತಂದ ಕಂಟೆಂಟ್ ಐಡಿಯಂಥ ವ್ಯವಸ್ಥೆ ಹಿಡಿಯುತ್ತದೆ. ಅದು ಹಾಡಿನ ಒಂದು ಬಗೆಯ ಬೆರಳಚ್ಚು ಇಟ್ಟುಕೊಂಡು ಹೊಸ ವಿಡಿಯೋಗಳ ಜೊತೆ ಹೋಲಿಸುತ್ತದೆ. ಒಮ್ಮೊಮ್ಮೆ ಎಡವುತ್ತದೆ ಕೂಡ. ಕಾಪಿರೈಟ್ ಮುಗಿದು ಎಷ್ಟೋ ಕಾಲವಾದ ಸಂಗೀತವನ್ನು ನೀವೇ ನುಡಿಸಿ ಹಾಕಿದರೂ, ಬೇರೆಯವರ ಧ್ವನಿಮುದ್ರಣ ಎಂದುಕೊಳ್ಳಬಹುದು. ಆಗ ತಕರಾರು ಸಲ್ಲಿಸಲು ದಾರಿ ಇದೆ.

ದುಡ್ಡಿನ ವಿಷಯ ಜಾಸ್ತಿ ಬೆಳೆಸುವುದಿಲ್ಲ. ಯೂಟ್ಯೂಬ್ ಉದ್ದದ ವಿಡಿಯೋಗಳ ಜಾಹೀರಾತಿನ ಹಣದಲ್ಲಿ ನೂರಕ್ಕೆ 55 ಪಾಲು ಮಾಡಿದವರಿಗೆ ಕೊಡುತ್ತದೆ, ಆದರೆ ಆ ಸಾಲಿಗೆ ಸೇರಲು ಮೊದಲು ಸಬ್‌ಸ್ಕ್ರೈಬರ್‌ಗಳ ಸಂಖ್ಯೆ, ಜನ ನೋಡಿದ ಲೆಕ್ಕ ಎರಡೂ ಗೊತ್ತುಪಡಿಸಿದ ಮಿತಿ ದಾಟಬೇಕು. 2013ರಲ್ಲಿ ಬಂದ ಪೇಟ್ರಿಯಾನ್‌ನಂಥ ಕಡೆ ಅಭಿಮಾನಿಗಳೇ ತಿಂಗಳಿಗಿಷ್ಟು ಕೊಡುತ್ತಾರೆ. ಹಾಕುವವರಲ್ಲಿ ಬಹುಪಾಲು ಜನಕ್ಕೆ ಏನೂ ಬರುವುದಿಲ್ಲ, ಅವರಲ್ಲಿ ಬಹುಪಾಲು ಜನ ಅದಕ್ಕಾಗಿ ಹಾಕುವುದೂ ಇಲ್ಲ.

ಕಾಪಾಡುವ ಕೆಲಸ ನಮ್ಮ ತಲೆಗೆ

ಮೂರನೆಯ ಕೆಲಸವನ್ನು ಯಾರೂ ಎತ್ತಿಕೊಳ್ಳದೆ ಅದು ಕೆಳಗೆ ಬಿತ್ತು, ಕೊನೆಗೆ ನಮ್ಮ ತಲೆಗೇ ಬಂತು.

ಜಿಯೋಸಿಟೀಸ್‌ಅನ್ನು ಯಾಹೂ 1999ರಲ್ಲಿ ಕೊಂಡಿತು, 2009ರಲ್ಲಿ ಮುಚ್ಚಿತು. ಲಕ್ಷಾಂತರ ಜನ ಕೈಯಾರೆ ಕಟ್ಟಿದ ಪುಟಗಳು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಓಡಿಬಂದು ಕೈಗೆ ಸಿಕ್ಕಿದಷ್ಟನ್ನು ನಕಲು ಮಾಡಿಟ್ಟಿತು. ಆರು ಸೆಕೆಂಡಿನ ವಿಡಿಯೋಗಳ ವೈನ್ 2013ರಲ್ಲಿ ಬಂದು 2017ರಲ್ಲಿ ಹೋಯಿತು. ಮೈಸ್ಪೇಸ್‌ದು ಎಲ್ಲಕ್ಕಿಂತ ನೋವಿನದು. ಸರ್ವರ್ ಬದಲಿಸುವಾಗ, 2003ರಿಂದ 2015ರವರೆಗೆ ಜನ ಹಾಕಿದ್ದ ಹಾಡುಗಳು ಕಳೆದುಹೋಗಿವೆ ಎಂದು 2019ರಲ್ಲಿ ಸುದ್ದಿಯಾಯಿತು. 5 ಕೋಟಿಗೂ ಹೆಚ್ಚು ಹಾಡು ಎಂಬ ಅಂದಾಜು. ಆಮೇಲೆ ಸಂಶೋಧಕರ ಬಳಿ ಇದ್ದ ಸುಮಾರು 4.9 ಲಕ್ಷ ಹಾಡುಗಳ ನಕಲು ಸಿಕ್ಕಿ, ವೆಬ್ಬಿನ ಹಳೆಯದನ್ನು ಕಾಪಾಡುವ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ ಅದನ್ನು ಎಲ್ಲರಿಗೂ ಸಿಗುವಂತೆ ಇಟ್ಟಿತು. ಉಳಿದದ್ದು ಹೋಯಿತು.

ತಾಣ ಎಷ್ಟೇ ದೊಡ್ಡದಿರಲಿ, ಅದು ಬೇರೆಯವರ ಜಗಲಿ. ಕೂರಲು ಬಿಡುತ್ತಾರೆ, ಜನ ಓಡಾಡುವ ಜಾಗ, ನಾಲ್ಕು ಮಾತಿಗೆ ಸಿಗುತ್ತಾರೆ. ಆದರೆ ಪೆಟ್ಟಿಗೆಯನ್ನು ಅಲ್ಲಿ ಇಡಬಾರದು. ಇದನ್ನು ಮೊದಲೇ ಅರ್ಥ ಮಾಡಿಕೊಂಡವರು ಅಭಿಮಾನಿ ಕಥೆಗಾರರು. ತಮ್ಮ ಬರಹ ಕಂಪನಿಗಳ ಮರ್ಜಿಯಲ್ಲಿ ಇರುವುದು ಬೇಡ ಎಂದು 2007ರಲ್ಲಿ ಲಾಭಕ್ಕಲ್ಲದ ಸಂಸ್ಥೆ ಕಟ್ಟಿ, ದೇಣಿಗೆ ಎತ್ತಿ, ಸ್ವಂತ ಸರ್ವರ್ ಇಟ್ಟುಕೊಂಡರು. 2009ರಲ್ಲಿ ತೆರೆದ ಆ ತಾಣ, ಆರ್ಕೈವ್ ಆಫ್ ಅವರ್ ಓನ್, 2019ರಲ್ಲಿ ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆಯಿತು.

ಇನ್ನೊಂದು ದಾರಿ ಆ್ಯಕ್ಟಿವಿಟಿಪಬ್. ಬೇರೆ ಬೇರೆ ತಾಣಗಳು ಒಂದಕ್ಕೊಂದು ಪೋಸ್ಟು ಕಳಿಸಿಕೊಳ್ಳಲು 2018ರಲ್ಲಿ ಅಧಿಕೃತವಾದ ನಿಯಮಗಳ ಕಟ್ಟು ಇದು. ಇಮೇಲ್ ಇದ್ದ ಹಾಗೆ ಅಂದುಕೊಳ್ಳಿ. ನಿಮ್ಮ ಇಮೇಲ್ ಒಂದು ಕಂಪನಿಯದು, ನನ್ನದು ಇನ್ನೊಂದು ಕಂಪನಿಯದು, ಆದರೂ ಕಾಗದ ತಲುಪುತ್ತದೆ. ಹಾಗೆಯೇ ಮ್ಯಾಸ್ಟೊಡಾನ್‌ನಲ್ಲಿ ಬರೆಯುವವರನ್ನು, ಪಿಕ್ಸೆಲ್‌ಫೆಡ್‌ನಲ್ಲಿ ಫೋಟೊ ಹಾಕುವವರನ್ನು, ಪೀರ್‌ಟ್ಯೂಬ್‌ನಲ್ಲಿ ವಿಡಿಯೋ ಇಡುವವರನ್ನು ಒಂದೇ ಕಡೆಯಿಂದ ಫಾಲೋ ಮಾಡಬಹುದು. ಸರ್ವರ್ ಹಿಡಿಸದಿದ್ದರೆ ಬೇರೆಡೆಗೆ ಹೋಗಬಹುದು, ಫಾಲೋ ಮಾಡುವವರೂ ಜೊತೆಗೆ ಬರುತ್ತಾರೆ. ಹಳೆಯ ಪೋಸ್ಟುಗಳು ಮಾತ್ರ ಸಾಮಾನ್ಯವಾಗಿ ಹಿಂದೆ ಉಳಿಯುತ್ತವೆ. ಜನ ಇನ್ನೂ ಕಡಿಮೆ, ಆ ಮಾತೂ ಹೇಳಬೇಕು.

ಇಷ್ಟೆಲ್ಲ ಬೇಡ ಅನ್ನುವವರಿಗೆ ಸುಲಭದ್ದು: ಮೂಲ ಫೈಲನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ತಾಣದಿಂದ ಇಳಿಸಿಕೊಂಡದ್ದಲ್ಲ, ಮೂಲದ್ದು. ಕುಗ್ಗಿಸಿದ್ದು ಮತ್ತೆ ಹಿಗ್ಗುವುದಿಲ್ಲ. ಎರಡು ಕಡೆ ಇಡಿ. ದೊಡ್ಡ ತಾಣಗಳಲ್ಲಿ ‘ನನ್ನ ಡೇಟಾ ಡೌನ್‌ಲೋಡ್’ ಎಂಬ ಆಯ್ಕೆ ಸೆಟ್ಟಿಂಗ್ಸ್‌ನ ಒಳಗೆಲ್ಲೋ ಇರುತ್ತದೆ. ವರ್ಷಕ್ಕೊಮ್ಮೆ ಒತ್ತಿ.

ನಾನು ಒತ್ತಿರಲಿಲ್ಲ. ಮೂರು ನಾಲ್ಕು ವರ್ಷ ಒಂದು ತಾಣದಲ್ಲಿ ನೇರವಾಗಿ ಆ ಚೌಕದಲ್ಲೇ ಕವಿತೆ ಟೈಪ್ ಮಾಡಿ ಹಾಕುತ್ತಿದ್ದೆ. ಒಂದು ದಿನ ತೆರೆದರೆ ತಾಣವೇ ಇಲ್ಲ. ಮುಚ್ಚುತ್ತೇವೆ ಎಂದು ಕಳಿಸಿದ್ದ ಇಮೇಲು ನಾನು ಬಳಸುವುದು ಬಿಟ್ಟಿದ್ದ ವಿಳಾಸದಲ್ಲಿ ಬಿದ್ದಿತ್ತು. ತಾಣದ ಹೆಸರು ಬೇಡ, ಬಿಡಿ. ಅಲ್ಲಿ ಯಾರೂ ನನ್ನ ಕವಿತೆಯನ್ನು ಬೇಡ ಅಂದಿರಲಿಲ್ಲ, ಎಲ್ಲವೂ ಪ್ರಕಟವಾಗಿತ್ತು. ಈಗ ಒಂದೂ ಇಲ್ಲ.

ವಾಪಸ್ ಬಂದ ಕವಿತೆಗಳು ಮಾತ್ರ ಎಲ್ಲವೂ ಇವೆ. ಅವೇ ಲಕೋಟೆಗಳಲ್ಲಿ, ಕಪಾಟಿನ ಕೆಳಗಿನ ಅರೆಯಲ್ಲಿ. ಹೋದ ವಾರ ಆ ಪೆನ್ಸಿಲ್ ಗೆರೆಯ ಕವಿತೆಯನ್ನು ಹೊರಗೆ ತೆಗೆದೆ. ಮೊದಲ ಚರಣ ಬಿಟ್ಟು ಉಳಿದದ್ದನ್ನು ಟೈಪ್ ಮಾಡಿ ಪೋಸ್ಟ್ ಒತ್ತಿದೆ. ಇಲ್ಲಿಯವರೆಗೆ ಹದಿನಾಲ್ಕು ಜನ ನೋಡಿದ್ದಾರೆ.